‘ಬ್ರೇಕ್ ಫೇಲ್’ ಅನ್ನುವ ಮೊದಲು ಕ್ಯಾಲಿಪರ್ ಬಿಚ್ಚಿ ನೋಡಿ

ಮಳೆಗಾಲ ಶುರುವಾಯಿತೆಂದರೆ ಮಲೆನಾಡಿನ ಜಿಲ್ಲಾ ಪುಟಗಳಲ್ಲಿ ಒಂದು ಸಾಲು ತಪ್ಪದೆ ಬರುತ್ತದೆ: ‘ಬ್ರೇಕ್ ವಿಫಲಗೊಂಡು ಕಾರು ಕಂದಕಕ್ಕೆ ಉರುಳಿದೆ.’ ಠಾಣೆಯಿಂದ ಬಂದ ಮಾಹಿತಿಯಲ್ಲಿ ಇರುವುದು ಅಷ್ಟೇ, ಪತ್ರಿಕೆಯಲ್ಲಿ ಬರುವುದೂ ಅಷ್ಟೇ. ಓದಿದವರಿಗೆ ಬ್ರೇಕ್ ಫೇಲ್ ಆಗುವುದೆಂದರೆ ಸಿಡಿಲು ಬಡಿದಂತೆ, ಗುಡ್ಡ ಜರಿದಂತೆ ಯಾರ ಕೈಯಲ್ಲೂ ಇಲ್ಲದ ಸಂಗತಿ ಅನ್ನಿಸಬೇಕು. ಆದರೆ ಹಳೆಯ ಕಾರಿನ ಬ್ರೇಕ್ ಒಂದೇ ದಿನದಲ್ಲಿ ಕೈಕೊಡುವುದು ಅಪರೂಪ. ತಿಂಗಳುಗಟ್ಟಲೆ ಸೂಚನೆ ಕೊಟ್ಟೇ ಕೊಡುತ್ತದೆ. ಆ ಸೂಚನೆ ಹೆಚ್ಚಾಗಿ ಕಾಣಿಸುವುದು ಮುಂದಿನ ಚಕ್ರದ ಒಳಗಿರುವ, ಬೊಗಸೆಯಲ್ಲಿ ಹಿಡಿಯುವಷ್ಟು ದೊಡ್ಡದಾದ ಒಂದು ಎರಕದ ತುಂಡಿನಲ್ಲಿ. ಅದೇ ಕ್ಯಾಲಿಪರ್.

ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇವೆ. ಹಳೆಯ ಕಾರಿನ ಸವೆದ ಕ್ಯಾಲಿಪರ್ ಅನ್ನು ಸರಿಯಾದ ಕಿಟ್ ಹಾಕಿ ಓವರಾಲ್ ಮಾಡಿಸಬೇಕು. ಅದು ಆಗದ ಸ್ಥಿತಿಯಲ್ಲಿದ್ದರೆ ನಿಜವಾಗಿಯೂ ಹೊಸದನ್ನೇ ಹಾಕಿಸಬೇಕು. ಇವೆರಡರ ಮಧ್ಯೆ ನಮ್ಮ ಊರುಗಳಲ್ಲಿ ನಡೆಯುತ್ತಿರುವ ಮೂರನೆಯ ದಾರಿ, ಅಂದರೆ ಗುಜರಿಯಿಂದ ತಂದದ್ದಕ್ಕೆ ಬಣ್ಣ ಬಳಿದು ‘ಹೊಸದು’ ಎಂದು ಬಿಗಿಯುವುದು, ನಿಲ್ಲಬೇಕು. ಅದು ನಿಲ್ಲಬೇಕಾದರೆ ಗ್ಯಾರೇಜಿನವರನ್ನು ಬೈದರೆ ಸಾಲದು. ಮಾಲೀಕರು, ಆರ್‌ಟಿಒ, ಸುದ್ದಿ ಬರೆಯುವವರು, ಎಲ್ಲರೂ ತಮ್ಮ ಪಾಲಿನ ಕೆಲಸ ಮಾಡಬೇಕು.

ನಮ್ಮೂರಿನ ‘ಕ್ಲಾಸಿಕ್’ ಯಾವುದು?

ಕ್ಲಾಸಿಕ್ ಕಾರು ಅಂದಾಕ್ಷಣ ಮೈಸೂರು ಅರಮನೆ ಮುಂದೆ ಸಾಲಾಗಿ ನಿಲ್ಲುವ ಕಾರುಗಳು ನೆನಪಾಗುತ್ತವೆ. ಸರ್ಕಾರದ ಲೆಕ್ಕದಲ್ಲಿ ‘ವಿಂಟೇಜ್’ ಅನ್ನಿಸಿಕೊಳ್ಳಲು 50 ವರ್ಷ ದಾಟಿರಬೇಕು, ಮೂಲ ರೂಪದಲ್ಲೇ ಇರಬೇಕು. 2021ರ ಜುಲೈನಲ್ಲಿ ಬಂದ ನಿಯಮದ ಪ್ರಕಾರ ಅಂಥವಕ್ಕೆ ‘ವಿಎ’ ಅಕ್ಷರವಿರುವ ಪ್ರತ್ಯೇಕ ನಂಬರ್, 20,000 ರೂಪಾಯಿ ನೋಂದಣಿ ಶುಲ್ಕ. ದಿನನಿತ್ಯದ ಓಡಾಟಕ್ಕೆ ಅವನ್ನು ಬಳಸುವಂತಿಲ್ಲ. ಈ ಬರಹ ಅವುಗಳ ಬಗ್ಗೆ ಅಲ್ಲ.

ನಮ್ಮ ತಾಲ್ಲೂಕುಗಳಲ್ಲಿ ಇವತ್ತಿಗೂ ದುಡಿಯುತ್ತಿರುವ ಹಳೆಯ ಕಾರು ಎಂದರೆ ಮಾರುತಿ 800. 1983ರ ಡಿಸೆಂಬರ್‌ನಲ್ಲಿ ರಸ್ತೆಗೆ ಇಳಿದದ್ದು, 2014ರ ಜನವರಿಯಲ್ಲಿ ತಯಾರಿಕೆ ನಿಂತಿತು. ತೋಟದ ರೈಟರ್, ನಿವೃತ್ತ ಮೇಷ್ಟ್ರು, ಸಂತೆಗೆ ತರಕಾರಿ ಹೊರುವವರು, ನಮ್ಮಂಥ ಸ್ಟ್ರಿಂಗರ್‌ಗಳು, ಎಲ್ಲರ ಬಳಿಯೂ ಅದೇ. ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿಗಳ ಕಾಲದಲ್ಲಿ ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕ್ ಇತ್ತು. ನಮ್ಮ ಹಿರಿಯ ಮೇಸ್ತ್ರಿಗಳು ಕೈ ಪಳಗಿಸಿಕೊಂಡದ್ದು ಆ ಡ್ರಮ್ಮಿನ ಮೇಲೆ. 800, ಪ್ರೀಮಿಯರ್ 118ಎನ್‌ಇಯಂಥ ಕಾರುಗಳ ಜೊತೆ ಮುಂದಿನ ಚಕ್ರಕ್ಕೆ ಡಿಸ್ಕ್ ಬಂತು. ತಂತ್ರ ಹೊಸದೇನೂ ಆಗಿರಲಿಲ್ಲ. 1953ರಲ್ಲಿ ಫ್ರಾನ್ಸಿನ ಲೆ ಮಾನ್ಸ್ ರೇಸಿನಲ್ಲಿ ಜಾಗ್ವಾರ್ ಗೆದ್ದದ್ದು ಡಿಸ್ಕ್ ಬ್ರೇಕ್ ಹಾಕಿಕೊಂಡೇ. 1955ರಲ್ಲಿ ಸಿಟ್ರೊಯೆನ್ ಡಿಎಸ್ ಅದನ್ನು ದೊಡ್ಡ ಪ್ರಮಾಣದಲ್ಲಿ ತಯಾರಾಗುವ ಕಾರಿಗೂ ತಂದಿತು. ನಮ್ಮ ತಾಲ್ಲೂಕಿಗೆ ಡಿಸ್ಕ್ ಬಂದಾಗ ಕಾರು ಬಂತು, ಪಾರ್ಟ್ಸ್ ಬಂತು. ಅದನ್ನು ಹೇಗೆ ರಿಪೇರಿ ಮಾಡಬೇಕೆಂಬ ಪಾಠ ಮಾತ್ರ ಕಂಪನಿಯ ಸರ್ವಿಸ್ ಸ್ಟೇಷನ್ನಿನ ಗೇಟಿನೊಳಗೇ ಉಳಿಯಿತು.

ಒಳಗೆ ಏನಾಗುತ್ತದೆ?

ಪೆಡಲ್ ತುಳಿದಾಗ ಬ್ರೇಕ್ ಆಯಿಲ್ ಒತ್ತಡಕ್ಕೆ ಸಿಕ್ಕಿ ಕ್ಯಾಲಿಪರಿನ ಪಿಸ್ಟನ್ನನ್ನು ತಳ್ಳುತ್ತದೆ. ಪಿಸ್ಟನ್ ಒಳಗಿನ ಪ್ಯಾಡನ್ನು ಡಿಸ್ಕಿಗೆ ಒತ್ತುತ್ತದೆ. ಕ್ಯಾಲಿಪರ್ ಎರಡು ಪಿನ್ನುಗಳ ಮೇಲೆ ಜಾರಿ ಹೊರಗಿನ ಪ್ಯಾಡನ್ನೂ ಎಳೆದು ತರುತ್ತದೆ. ಎರಡು ಪ್ಯಾಡಿನ ಮಧ್ಯೆ ಡಿಸ್ಕ್ ಸಿಕ್ಕಿಕೊಂಡು ಚಕ್ರ ನಿಲ್ಲುತ್ತದೆ. ಕಾಲು ತೆಗೆದಾಗ ಪಿಸ್ಟನ್ನನ್ನು ಹಿಂದಕ್ಕೆ ಎಳೆಯಲು ಒಳಗೆ ಯಾವ ಸ್ಪ್ರಿಂಗೂ ಇಲ್ಲ. ಪಿಸ್ಟನ್ನಿನ ಸುತ್ತ ಕೂತ ಚೌಕ ಅಂಚಿನ ರಬ್ಬರ್ ಸೀಲ್ ಒತ್ತಡದಲ್ಲಿ ಸ್ವಲ್ಪ ತಿರುಚಿಕೊಂಡಿರುತ್ತದೆ. ಒತ್ತಡ ಹೋದಾಗ ತನ್ನ ಆಕಾರಕ್ಕೆ ಮರಳುತ್ತಾ ಪಿಸ್ಟನ್ನನ್ನೂ ಕೂದಲೆಳೆಯಷ್ಟು ಹಿಂದಕ್ಕೆ ತರುತ್ತದೆ. ಅಂದರೆ ಆಯಿಲ್ ಸೋರದಂತೆ ತಡೆಯುವುದೂ, ಬ್ರೇಕ್ ಬಿಡಿಸುವುದೂ ಅದೇ ರಬ್ಬರ್ ಉಂಗುರ.

ಇದು ಅರ್ಥವಾದರೆ ಉಳಿದದ್ದೆಲ್ಲ ಅರ್ಥವಾಗುತ್ತದೆ. ಸೀಲ್ ಗಟ್ಟಿಯಾದರೆ ಪಿಸ್ಟನ್ ಹಿಂದಕ್ಕೆ ಬರುವುದಿಲ್ಲ, ಚಕ್ರ ಬಿಗಿ ಹಿಡಿಯುತ್ತದೆ, ರಿಮ್ ಕಾಯುತ್ತದೆ, ಮೈಲೇಜ್ ಬೀಳುತ್ತದೆ. ಮೇಲಿನ ಧೂಳಿನ ರಬ್ಬರ್ ಹರಿದರೆ ನೀರು, ಕೆಸರು ಒಳಹೊಕ್ಕು ಪಿಸ್ಟನ್ ತುಕ್ಕು ಹಿಡಿಯುತ್ತದೆ. ಜಾರುವ ಪಿನ್ ಒಣಗಿದರೆ ಒಳಗಿನ ಪ್ಯಾಡ್ ಸವೆದು ತಗಡಾಗುತ್ತದೆ, ಹೊರಗಿನದು ಹೊಸದರಂತೆಯೇ ಉಳಿಯುತ್ತದೆ. ಬಲಗಡೆಯದು ಜಾಮ್ ಆಗಿ ಕೆಲಸ ನಿಲ್ಲಿಸಿದರೆ ಬ್ರೇಕ್ ಒತ್ತಿದಾಗ ಕಾರು ಎಡಕ್ಕೆ ಎಳೆಯುತ್ತದೆ. ಇವೆಲ್ಲ ಚಾಲಕನಿಗೆ ಗೊತ್ತಾಗುವ ಸೂಚನೆಗಳೇ.

ಮಲೆನಾಡಿನಲ್ಲಿ ಇನ್ನೊಂದು ಸಂಗತಿ ಸೇರಿಕೊಳ್ಳುತ್ತದೆ. ಬ್ರೇಕ್ ಆಯಿಲ್ ಗಾಳಿಯಲ್ಲಿರುವ ತೇವವನ್ನು ಹೀರಿಕೊಳ್ಳುತ್ತದೆ. ಹೊಸ ಡಾಟ್ 3 ಆಯಿಲ್ ಕುದಿಯಲು ಕನಿಷ್ಠ 205 ಡಿಗ್ರಿ ಸೆಲ್ಸಿಯಸ್ ಬೇಕು. ನೀರು ಹೀರಿದ ಮೇಲೆ ಆ ಮಿತಿ 140ಕ್ಕೆ ಇಳಿಯುತ್ತದೆ. ಡಾಟ್ 4ರಲ್ಲಿ ಇದೇ ಲೆಕ್ಕ 230 ಮತ್ತು 155. ಕೊಟ್ಟಿಗೆಹಾರದಿಂದ ಚಾರ್ಮಾಡಿಗೆ ಇಳಿಯುವಾಗ ಟಾಪ್ ಗೇರಿನಲ್ಲೇ ಬ್ರೇಕ್ ಮೇಲೆ ಕಾಲಿಟ್ಟು ಬಂದರೆ ಕ್ಯಾಲಿಪರಿನೊಳಗಿನ ಹಳೆಯ ಆಯಿಲ್ ಕುದಿಯುವ ಸಾಧ್ಯತೆ ನಿಜಕ್ಕೂ ಇದೆ. ಕುದಿದರೆ ಆವಿಯ ಗುಳ್ಳೆ ಏಳುತ್ತದೆ. ಆಯಿಲ್ ಒತ್ತಡ ಸಾಗಿಸುತ್ತದೆ, ಗುಳ್ಳೆ ಅಮುಕಿಕೊಳ್ಳುತ್ತದೆ. ಪೆಡಲ್ ಸೀದಾ ನೆಲ ಮುಟ್ಟುತ್ತದೆ.

ಇನ್ನೊಂದು ಮಾತನ್ನು ಸುದ್ದಿ ಬರೆಯುವವರು ನೆನಪಿಡಬೇಕು. ಆಯಿಲ್ ಆರಿದ ಮೇಲೆ ಆ ಗುಳ್ಳೆ ಮಾಯವಾಗುತ್ತದೆ. ಮರುದಿನ ಠಾಣೆಯ ಆವರಣದಲ್ಲಿ ಅದೇ ಕಾರಿನ ಪೆಡಲ್ ತುಳಿದು ನೋಡಿದರೆ ಗಟ್ಟಿಯಾಗಿರುತ್ತದೆ. ‘ಬ್ರೇಕ್ ಸರಿ ಇದೆ, ಚಾಲಕನ ಅಜಾಗರೂಕತೆ’ ಎಂದು ಷರಾ ಬೀಳುವ ಸಂಭವವಿದೆ. ಆಯಿಲ್ ಬದಲಾಯಿಸಿ ಎಷ್ಟು ವರ್ಷವಾಗಿತ್ತು ಎಂಬ ಪ್ರಶ್ನೆ ಯಾರ ಕಡತದಲ್ಲೂ ಇರುವುದಿಲ್ಲ.

ಬಿಲ್ಲಿನಲ್ಲಿ ‘ನ್ಯೂ’, ಚಕ್ರದಲ್ಲಿ ಗುಜರಿ

ನಾವು ಮೂವರು ವರದಿಗಾರರು ಸೇರಿ ಓಡಿಸುವ 800 ಒಂದಿದೆ. ಸಂಭಾವನೆ ಬರುವುದು ಪ್ರಕಟವಾದ ಸುದ್ದಿಯ ಉದ್ದ ನೋಡಿ. ಹಾಗಾಗಿ ಕಾರಿನ ಖರ್ಚನ್ನು ಮೂರು ಪಾಲು ಮಾಡಿಕೊಂಡಿದ್ದೇವೆ. ಹೋದ ಮಳೆಗಾಲಕ್ಕೆ ಮುಂಚೆ ಬಲಗಡೆಯ ಮುಂದಿನ ಚಕ್ರ ಬಿಗಿ ಹಿಡಿಯತೊಡಗಿತು. ಪೇಟೆಯ ಒಂದು ಗ್ಯಾರೇಜಿಗೆ ಬಿಟ್ಟೆವು. “ಕ್ಯಾಲಿಪರ್ ಹೋಗಿದೆ ಸಾರ್, ಹೊಸದೇ ಹಾಕಬೇಕು” ಎಂದರು. ಹಾಕಿದರು. ಬಿಲ್ಲಿನಲ್ಲಿ ‘ನ್ಯೂ ಕ್ಯಾಲಿಪರ್’ ಎಂದೇ ಬರೆದುಕೊಟ್ಟರು. ಹಳೆಯದನ್ನು ಕೇಳಿ ಡಿಕ್ಕಿಯಲ್ಲಿ ಹಾಕಿಸಿಕೊಂಡು ಬಂದೆವು.

ಎರಡು ತಿಂಗಳಲ್ಲಿ ಬ್ರೇಕ್ ಒತ್ತಿದರೆ ಕಾರು ಎಡಕ್ಕೆ ಎಳೆಯತೊಡಗಿತು. ಆಯಿಲ್ ಡಬ್ಬಿಯ ಮಟ್ಟವೂ ಇಳಿಯುತ್ತಿತ್ತು. ಬೇರೆ ಊರಿನ ಹಿರಿಯ ಮೇಸ್ತ್ರಿಯೊಬ್ಬರ ಬಳಿ ಬಿಚ್ಚಿಸಿದೆವು. ‘ಹೊಸ’ ಕ್ಯಾಲಿಪರಿನ ಕಪ್ಪು ಬಣ್ಣವನ್ನು ಉಗುರಿನಿಂದ ಕೆರೆದಾಗ ಕೆಳಗೆ ತುಕ್ಕು ಕಂಡಿತು. ಪಿಸ್ಟನ್ನಿನ ಮೈ ಮೇಲೆ ಸಿಡುಬಿನ ಕಲೆಯಂತೆ ಗುಳಿಗಳು. ಯಾರೋ ಎಮರಿ ಪೇಪರ್ ಹಾಕಿ ಉಜ್ಜಿದ್ದ ಗೆರೆಗಳೂ ಇದ್ದವು. ಹೊಸ ಸೀಲ್ ಹಾಕಿದ್ದರೂ ಆ ಗುಳಿಗಳ ಮೇಲೆ ಅದು ಎಷ್ಟು ದಿನ ನಿಂತೀತು?

ಮೇಸ್ತ್ರಿ ನಮ್ಮ ಹಳೆಯ ಕ್ಯಾಲಿಪರನ್ನೇ ತರಿಸಿಕೊಂಡರು. ಬಾಡಿ ಚೆನ್ನಾಗಿತ್ತು. ಒಂದು ಪಿಸ್ಟನ್, ಒಂದು ಸೀಲ್ ಕಿಟ್, ಪಿನ್ನಿನ ರಬ್ಬರ್, ಎರಡೂ ಕಡೆಗೆ ಪ್ಯಾಡ್, ಹೊಸ ಆಯಿಲ್. ಇಷ್ಟಕ್ಕೆ ಆದ ಖರ್ಚು ಮೊದಲ ಬಿಲ್ಲಿಗಿಂತ ಕಡಿಮೆ. ಅವರು ಹೇಳಿದ ಮಾತು: “ಬಾಡಿ ಮುದುಕಾಗಲ್ಲ ಸ್ವಾಮಿ, ರಬ್ಬರ್ ಮುದುಕಾಗುತ್ತೆ. ರಬ್ಬರ್ ಬದಲಾಯಿಸೋ ಬದಲು ಬಾಡಿ ಬದಲಾಯಿಸ್ತಾರೆ.”

ಆ ಗ್ಯಾರೇಜಿನ ಹೆಸರು ಇಲ್ಲಿ ಬೇಡ. ಒಂದು ಗ್ಯಾರೇಜ್ ಮುಚ್ಚಿಸಿದರೆ ಮುಗಿಯುವ ಕಥೆ ಇದಲ್ಲ. ಶಿವಾಜಿನಗರದ ಗುಜರಿಯಲ್ಲೋ, ಜಿಲ್ಲಾ ಕೇಂದ್ರದ ಗುಜರಿಯಲ್ಲೋ ಕಳಚಿಟ್ಟ ಬಾಗಿಲು, ಗಾಜು, ಲೈಟು ಕೊಂಡುಕೊಳ್ಳುವುದನ್ನು ನಾವು ಆಕ್ಷೇಪಿಸುವುದಿಲ್ಲ. ಹಳೆಯ ಕಾರು ಬದುಕಿರುವುದೇ ಆ ಅಂಗಡಿಗಳಿಂದ. ಕಾಂಟೆಸ್ಸಾದಂಥ ಕಾರು ಇಟ್ಟುಕೊಂಡವರಿಗಂತೂ ಬೇರೆ ದಾರಿಯೇ ಕಡಿಮೆ. ಅಲ್ಲಿಂದ ತಂದ ಕ್ಯಾಲಿಪರನ್ನು ಕಚ್ಚಾ ಸಾಮಗ್ರಿ ಎಂದು ತಿಳಿದು, ಪೂರ್ತಿ ಬಿಚ್ಚಿ, ಹೊಸ ಪಿಸ್ಟನ್, ಹೊಸ ರಬ್ಬರ್ ಹಾಕಿದರೆ ಅದೂ ಸರಿಯೇ. ಬಿಚ್ಚದೆ ಬಣ್ಣ ಬಳಿದು ಬಿಗಿಯುವುದು ಮೋಸ. ಘಾಟಿ ರಸ್ತೆಯಲ್ಲಿ ಅದು ಜೀವಕ್ಕೆ ಸಂಚಕಾರ.

ಓವರಾಲ್ ಅಂದರೆ ತೊಳೆಯುವುದಲ್ಲ

ಎಷ್ಟೋ ಕಡೆ ‘ಬ್ರೇಕ್ ಓವರಾಲ್’ ಎಂದರೆ ಚಕ್ರ ಬಿಚ್ಚಿ, ಪೆಟ್ರೋಲಿನಲ್ಲೋ ಡೀಸೆಲಿನಲ್ಲೋ ತೊಳೆದು, ಎಮರಿ ಹೊಡೆದು, ಪಿನ್ನಿಗೆ ಸಿಕ್ಕ ಗ್ರೀಸ್ ಬಳಿದು ಜೋಡಿಸುವುದು ಎಂದಾಗಿಬಿಟ್ಟಿದೆ. ಇದರಲ್ಲಿ ಪ್ರತಿಯೊಂದೂ ಅಪಾಯವೇ. ಬ್ರೇಕಿನ ರಬ್ಬರಿಗೆ ಪೆಟ್ರೋಲ್, ಡೀಸೆಲ್, ಎಂಜಿನ್ ಆಯಿಲ್, ಸಾಮಾನ್ಯ ಗ್ರೀಸ್ ಯಾವುದೂ ಆಗಿಬರುವುದಿಲ್ಲ. ಅವು ತಾಗಿದರೆ ರಬ್ಬರ್ ಊದಿಕೊಂಡು ಮೆತ್ತಗಾಗುತ್ತದೆ. ತೊಳೆಯಲು ಬ್ರೇಕ್ ಕ್ಲೀನರ್ ಅಥವಾ ಹೊಸ ಬ್ರೇಕ್ ಆಯಿಲ್ ಬೇಕು. ಪಿನ್ನಿಗೆ ಬ್ರೇಕಿಗೆಂದೇ ಬರುವ ಸಿಲಿಕೋನ್ ಗ್ರೀಸ್ ಬೇಕು. ಪಿಸ್ಟನ್ ಮೇಲಿನ ಕ್ರೋಮ್ ಲೇಪ ಎಮರಿಗೆ ಹೋದರೆ ಒಳಗಿನ ಕಬ್ಬಿಣಕ್ಕೆ ತುಕ್ಕು ಹಿಡಿಯಲು ಒಂದು ಮಳೆಗಾಲ ಸಾಕು.

ಏನು ಉಳಿಸಬಹುದು, ಏನು ಎಸೆಯಬೇಕು ಎಂಬ ವಿವೇಚನೆಯೂ ಬೇಕು. ಇಂಥ ಕ್ಯಾಲಿಪರಿನಲ್ಲಿ ಸೀಲ್ ಕೂರುವುದು ಬಾಡಿಯ ಗಾಡಿಯಲ್ಲಿ, ಉಜ್ಜುವುದು ಪಿಸ್ಟನ್ನಿನ ಮೈ ಮೇಲೆ. ಹಾಗಾಗಿ ಬಾಡಿಯ ಒಳಗೋಡೆಯಲ್ಲಿ ಸಣ್ಣ ತುಕ್ಕಿನ ಕಲೆ ಇದ್ದರೆ ಶುಚಿ ಮಾಡಿ ಬಳಸಬಹುದು. ಸೀಲ್ ಕೂರುವ ಗಾಡಿಯಲ್ಲಿ ಮಾತ್ರ ತುಕ್ಕಿನ ಪುಡಿ ಉಳಿಯಬಾರದು. ಪಿಸ್ಟನ್ನಿನ ಮೈ ಮೇಲೆ ಗುಳಿ ಇದ್ದರೆ ಮಾತಿಲ್ಲ, ಹೊಸದೇ ಆಗಬೇಕು. ಬಾಡಿ ಬಿರುಕು ಬಿಟ್ಟಿದ್ದರೆ, ನಿಪ್ಪಲ್ಲಿನ ಥ್ರೆಡ್ ಹೋಗಿದ್ದರೆ, ಪಿನ್ನಿನ ತೂತು ಸವೆದು ಕ್ಯಾಲಿಪರ್ ಲಟಲಟ ಅನ್ನುತ್ತಿದ್ದರೆ ಓವರಾಲ್ ಮಾಡಿ ಪ್ರಯೋಜನವಿಲ್ಲ.

ಕ್ಯಾಲಿಪರಿನದಲ್ಲದ ತಪ್ಪಿಗೆ ಕ್ಯಾಲಿಪರ್ ಬದಲಾಗುವುದೂ ಉಂಟು. ಹಳೆಯ ರಬ್ಬರ್ ಹೋಸ್ ಹೊರಗೆ ಚೆನ್ನಾಗಿ ಕಂಡರೂ ಒಳಗೆ ಊದಿಕೊಂಡು ಆಯಿಲನ್ನು ಮುಂದಕ್ಕೆ ಬಿಟ್ಟು ಹಿಂದಕ್ಕೆ ಬಿಡದೆ ಇರಬಹುದು. ಆಗಲೂ ಚಕ್ರ ಬಿಗಿ ಹಿಡಿಯುತ್ತದೆ. ಇದನ್ನು ಕಂಡುಹಿಡಿಯಲು ಒಂದು ರೂಪಾಯಿ ಖರ್ಚಿಲ್ಲ. ಚಕ್ರ ಜಾಮ್ ಆಗಿರುವಾಗಲೇ ಜಾಕ್ ಕೊಟ್ಟು ಎತ್ತಿ, ಕ್ಯಾಲಿಪರಿನ ನಿಪ್ಪಲ್ ಸ್ವಲ್ಪ ಸಡಿಲಿಸಬೇಕು. ಆಯಿಲ್ ಚಿಮ್ಮಿ ಚಕ್ರ ಸಲೀಸಾಗಿ ತಿರುಗಿದರೆ ದೋಷ ಹೋಸಿನಲ್ಲೋ ಮಾಸ್ಟರ್ ಸಿಲಿಂಡರಿನಲ್ಲೋ ಇದೆ. ನಿಪ್ಪಲ್ ಬಿಟ್ಟರೂ ಚಕ್ರ ಬಿಗಿಯಾಗಿಯೇ ಇದ್ದರೆ ಪಿಸ್ಟನ್ ಅಥವಾ ಪಿನ್ ಜಾಮ್. ‘ಹೊಸದು ಹಾಕಬೇಕು’ ಅನ್ನುವ ಮೊದಲು ಈ ಪರೀಕ್ಷೆ ಮಾಡಿ ತೋರಿಸಿ ಎಂದು ಕೇಳುವ ಹಕ್ಕು ದುಡ್ಡು ಕೊಡುವವರಿಗಿದೆ.

ಜೋಡಿಸುವಾಗಲೂ ಎಚ್ಚರ ಬೇಕು. ನಿಪ್ಪಲ್ ಮೇಲ್ಗಡೆ ಬರಬೇಕು. ಎಡಬಲ ಅದಲುಬದಲಾಗಿ ನಿಪ್ಪಲ್ ಕೆಳಗೆ ಬಂದರೆ ಎಷ್ಟು ಏರ್ ತೆಗೆದರೂ ಮೇಲಿನ ಗಾಳಿ ಒಳಗೇ ಉಳಿಯುತ್ತದೆ, ಪೆಡಲ್ ಸ್ಪಂಜಿನಂತಿರುತ್ತದೆ. ಒಂದು ಕಡೆಗೆ ಹೊಸ ಪ್ಯಾಡ್ ಹಾಕಿದರೆ ಇನ್ನೊಂದು ಕಡೆಗೂ ಹಾಕಬೇಕು. ಗಾಳಿ ಒತ್ತಡದಿಂದ ಪಿಸ್ಟನ್ ಹೊರತೆಗೆಯುವಾಗ ಮುಂದೆ ಮರದ ತುಂಡು ಇಟ್ಟು ಬೆರಳು ದೂರ ಇಡಬೇಕು, ಅದು ಗುಂಡಿನಂತೆ ಬರುತ್ತದೆ. ಹಳೆಯ ಪ್ಯಾಡಿನ ಧೂಳಿನಲ್ಲಿ ಕಲ್ನಾರು ಇರಬಹುದು. ಅದನ್ನು ಏರ್ ಹೊಡೆದು ಹಾರಿಸಬಾರದು, ಒದ್ದೆ ಬಟ್ಟೆಯಲ್ಲಿ ಒರೆಸಬೇಕು. ದಿನವಿಡೀ ಆ ಧೂಳನ್ನು ಉಸಿರಾಡುವುದು ಗ್ಯಾರೇಜಿನಲ್ಲಿ ಕೆಲಸ ಕಲಿಯುವ ಹುಡುಗರು.

ಗ್ಯಾರೇಜಿನವರ ಮಾತಿನಲ್ಲೂ ಹುರುಳಿದೆ

“ಸರಿಯಾಗಿ ಮಾಡಿದರೆ ಅರ್ಧ ದಿನ ಹೋಗುತ್ತೆ ಅಣ್ಣಾ. ಅರ್ಧ ದಿನದ ಕೂಲಿ ಯಾರು ಕೊಡ್ತಾರೆ?” ಇದು ನಾವು ಮಾತಾಡಿಸಿದ ಮೆಕ್ಯಾನಿಕ್‌ಗಳು ಕೇಳಿದ ಪ್ರಶ್ನೆ. ಇದು ನ್ಯಾಯವಾದ ಪ್ರಶ್ನೆಯೇ. ಸ್ಟೀರಿಯೊ ಹಾಕಿಸಲು, ಸೀಟ್ ಕವರ್ ಹೊಲಿಸಲು ಚೌಕಾಸಿ ಮಾಡದ ಮಾಲೀಕರು ಬ್ರೇಕ್ ಕೆಲಸದ ಕೂಲಿ ಬಂದಾಗ ನೂರು ರೂಪಾಯಿಗೆ ಜಗಳ ಆಡುತ್ತಾರೆ. ಕೂಲಿ ಹುಟ್ಟದ ಕೆಲಸಕ್ಕೆ ಯಾರೂ ಸಮಯ ಕೊಡುವುದಿಲ್ಲ. ಆಗ ಗುಜರಿ ಕ್ಯಾಲಿಪರ್ ಬಿಗಿದು ಪಾರ್ಟಿನ ಲಾಭದಲ್ಲಿ ಕೂಲಿ ಹುಟ್ಟಿಸಿಕೊಳ್ಳುವುದು ರೂಢಿಯಾಗುತ್ತದೆ. ಸೀಲ್ ಕಿಟ್ಟಿನ ಬೆಲೆ ಒಂದು ಟ್ಯಾಂಕ್ ಪೆಟ್ರೋಲಿಗಿಂತ ಬಹಳ ಕಡಿಮೆ. ಬೆಲೆ ಕಟ್ಟಬೇಕಾದದ್ದು ಕೈ ಕೆಲಸಕ್ಕೆ.

“ಇಷ್ಟು ಹಳೆಯ ಕಾರಿಗೆ ಇಷ್ಟೆಲ್ಲ ಯಾಕೆ, ಗುಜರಿಗೆ ಹಾಕಿ ಹೊಸದು ತಗೊಳ್ಳಿ” ಎನ್ನುವವರೂ ಇದ್ದಾರೆ. ಮಾತು ಸುಲಭ, ತಿಂಗಳ ಕಂತು ಕಟ್ಟುವವರಿಗೆ ಗೊತ್ತು ಅದರ ಭಾರ. ದೆಹಲಿಯ ಹಾಗೆ ವಯಸ್ಸು ನೋಡಿ ಕಾರು ಓಡಿಸಬೇಡಿ ಎನ್ನುವ ನಿಯಮ ನಮ್ಮಲ್ಲಿಲ್ಲ. ಕಾರು ಗಟ್ಟಿಯಾಗಿದೆಯೇ ಎಂಬುದೇ ಪ್ರಶ್ನೆ. ಹಾಗಾದರೆ ಗಟ್ಟಿತನವನ್ನು ನಿಜವಾಗಿ ಪರೀಕ್ಷಿಸಬೇಕು.

15 ವರ್ಷ ತುಂಬಿದ ಖಾಸಗಿ ಕಾರಿಗೆ ಮರು ನೋಂದಣಿ ಮಾಡಿಸಬೇಕು, ಆಮೇಲೆ ಐದೈದು ವರ್ಷಕ್ಕೊಮ್ಮೆ. 2022ರ ಏಪ್ರಿಲ್ 1ರಂದು ಅದರ ಶುಲ್ಕ 600 ರೂಪಾಯಿಯಿಂದ 5,000ಕ್ಕೆ ಏರಿತು. ಇಷ್ಟು ದುಡ್ಡು ತೆಗೆದುಕೊಂಡ ಮೇಲೆ ನಡೆಯುವ ತಪಾಸಣೆ ಎಂಥದ್ದು? ಚಾಸಿ ನಂಬರ್ ಉಜ್ಜಿ ನೋಡುವುದು, ಲೈಟು, ಹಾರ್ನು, ವೈಪರ್, ಅಂಗಳದಲ್ಲಿ ಒಂದು ಸುತ್ತು. ನಾವು ಕಂಡದ್ದು ಅಷ್ಟೇ. ನಿಧಾನವಾಗಿ ಹೋಗುವಾಗ ಎಂಥ ಬ್ರೇಕೂ ಹಿಡಿಯುತ್ತದೆ. ವೇಗ ಎರಡು ಪಟ್ಟಾದರೆ ಬ್ರೇಕ್ ಕರಗಿಸಬೇಕಾದ ಶಕ್ತಿ ನಾಲ್ಕು ಪಟ್ಟಾಗುತ್ತದೆ. 20ರ ವೇಗದಲ್ಲಿ ಪಾಸಾದ ಬ್ರೇಕ್ 60ರಲ್ಲಿ ಒಂಬತ್ತು ಪಟ್ಟು ಕೆಲಸ ಮಾಡಬೇಕು. ಚಕ್ರಗಳನ್ನು ರೋಲರ್ ಮೇಲೆ ನಿಲ್ಲಿಸಿ ಎಡಬಲದ ಬ್ರೇಕ್ ಬಲವನ್ನು ಬೇರೆ ಬೇರೆ ಅಳೆಯುವ ಯಂತ್ರವಿದೆ. ನಮ್ಮ 800ರಲ್ಲಿದ್ದಂಥ ಏರುಪೇರು ಅದರ ಮೇಲೆ ನಿಮಿಷದಲ್ಲಿ ಗೊತ್ತಾಗುತ್ತದೆ. ಅಂಥ ಯಂತ್ರ ಪ್ರತಿ ಜಿಲ್ಲೆಯಲ್ಲೂ ಕೆಲಸ ಮಾಡುವ ಸ್ಥಿತಿಯಲ್ಲಿ ಇರಬೇಕು ಎಂದು ಕೇಳುವುದು ಅತಿಯಾಸೆ ಅಲ್ಲ. ಶುಲ್ಕ ಕೊಟ್ಟವರ ಹಕ್ಕು.

ಮುಂದಿನ ಮಳೆಗಾಲಕ್ಕೆ ಮುನ್ನ

ಮಾಲೀಕರಿಗೆ ನಮ್ಮ ವಿನಂತಿ: ಬ್ರೇಕ್ ಆಯಿಲನ್ನು ಎರಡು ವರ್ಷಕ್ಕೊಮ್ಮೆ ಬದಲಾಯಿಸಿ, ದಿನಾಂಕ ಬರೆದಿಡಿ. ಆಯಿಲ್ ಮಟ್ಟ ಇಳಿದರೆ ಸುಮ್ಮನೆ ತುಂಬಿಸಬೇಡಿ. ಪ್ಯಾಡ್ ಸವೆದಿರಬೇಕು ಇಲ್ಲವೇ ಎಲ್ಲೋ ಸೋರುತ್ತಿರಬೇಕು. ಬದಲಾಯಿಸಿದ ಹಳೆಯ ಭಾಗವನ್ನು ಕೇಳಿ ಪಡೆಯಿರಿ. ಬಿಲ್ಲಿನಲ್ಲಿ ‘ಹೊಸದು’, ‘ಓವರಾಲ್’, ‘ಬಳಸಿದ್ದು’, ಈ ಮೂರರಲ್ಲಿ ಯಾವುದೆಂದು ಬರೆಸಿಕೊಳ್ಳಿ. ಕೂಲಿಗೆ ಜಗಳ ಆಡಬೇಡಿ.

ಐಟಿಐಗಳಲ್ಲಿ, ತಾಲ್ಲೂಕು ಮಟ್ಟದ ಮೆಕ್ಯಾನಿಕ್ ಸಂಘಗಳಲ್ಲಿ ವರ್ಷಕ್ಕೆ ಒಂದು ದಿನ ಬ್ರೇಕಿಗೆಂದೇ ತರಬೇತಿ ಇಡಬಹುದು. ಓದು ಬಿಟ್ಟು ಗ್ಯಾರೇಜ್ ಸೇರಿದ ಹುಡುಗನಿಗೆ ರಬ್ಬರಿಗೆ ಪೆಟ್ರೋಲ್ ಆಗದು ಎಂದು ಯಾರಾದರೂ ಹೇಳಿಕೊಡದಿದ್ದರೆ ಅವನಿಗೆ ಹೇಗೆ ಗೊತ್ತಾಗಬೇಕು?

ಕೊನೆಗೆ ನಮ್ಮ ಓರಗೆಯ ವರದಿಗಾರರಿಗೆ. ಅಪಘಾತದ ಸುದ್ದಿಯಲ್ಲಿ ‘ಬ್ರೇಕ್ ವಿಫಲ’ ಎಂದು ಟೈಪ್ ಮಾಡುವ ಮುನ್ನ ಎರಡು ಫೋನ್ ಸಾಕು. ತಪಾಸಣೆ ಮಾಡಿದ ಮೋಟಾರು ವಾಹನ ನಿರೀಕ್ಷಕರಿಗೆ ಒಂದು, ಕಾರು ಕೊನೆಯದಾಗಿ ರಿಪೇರಿಯಾದ ಗ್ಯಾರೇಜಿಗೆ ಇನ್ನೊಂದು. ಯಾವ ಚಕ್ರ, ಆಯಿಲ್ ಸೋರಿತ್ತೇ, ಪ್ಯಾಡ್ ಉಳಿದಿತ್ತೇ, ಹಾಕಿದ ಭಾಗ ಯಾವುದು ಎಂದು ಕೇಳಬೇಕು. ಸಿಕ್ಕ ಉತ್ತರ ಎರಡು ಸಾಲಾಗಿ ಸುದ್ದಿಯಲ್ಲಿ ಬಂದರೂ, ಅದನ್ನು ಓದಿದ ಹತ್ತು ಜನರಲ್ಲಿ ಒಬ್ಬರು ತಮ್ಮ ಕಾರಿನ ಚಕ್ರ ಬಿಚ್ಚಿಸಿ ನೋಡಿದರೆ ಆ ಎರಡು ಸಾಲು ಬರೆದದ್ದಕ್ಕೆ ಸಾರ್ಥಕ.